ಕುಡಿಯದವರಿಗೆ ಬೆಂಗಳೂರಿನ ಸಂಜೆ: ಪ್ರತಿಕ್ರಿಯೆ

ಕುಡಿಯುವುದಿಲ್ಲ, ಜೊತೆಗಾರರಿಲ್ಲ, ರಾತ್ರಿ ಎಂಟೂವರೆಗೆ ಹೊರಟರೆ ಬಾರ್ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದಿದ್ದೀರಿ. ತೊಡಕು ಬಹುಶಃ ಊರಿನದಲ್ಲ, ಗಡಿಯಾರದ್ದು. ಬೆಂಗಳೂರಿನಲ್ಲಿ ಉಪನ್ಯಾಸ, ಸಂಗೀತ, ನಾಟಕಗಳೆಲ್ಲ ಸಾಮಾನ್ಯವಾಗಿ ಆರರಿಂದ ಏಳೂವರೆಯೊಳಗೆ ಶುರುವಾಗಿಬಿಡುತ್ತವೆ. ಕಚೇರಿಯಿಂದ ಮನೆಗೆ ಹೋಗದೆ ನೇರವಾಗಿ ಹೊರಡಿ. ಮನೆ ಹೊಕ್ಕರೆ ಮುಗಿಯಿತು, ಮತ್ತೆ ಚಪ್ಪಲಿ ಮೆಟ್ಟುವ ಮನಸ್ಸಾಗುವುದಿಲ್ಲ.

ಮೊದಲು ಜೆ.ಪಿ. ನಗರದ ರಂಗಶಂಕರ. 2004ರಿಂದ ನಡೆಯುತ್ತಿದೆ, ಸೋಮವಾರ ಬಿಟ್ಟರೆ ಹೆಚ್ಚುಕಡಿಮೆ ದಿನವೂ ನಾಟಕ. ಟಿಕೆಟ್ ಮುಂಚೆಯೇ ಕೊಳ್ಳಿ, ದುಡ್ಡು ಕೊಟ್ಟ ಮೇಲೆ ಸೋಮಾರಿತನಕ್ಕೆ ನೆಪ ಸಿಗುವುದಿಲ್ಲ. ಏಳೂವರೆ ಎಂದರೆ ಏಳೂವರೆಯೇ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಏಳಕ್ಕೇ ತಲುಪಿ, ಕೆಫೆಯಲ್ಲಿ ಬಿಸಿ ಸಾಬುದಾನಿ ವಡೆ ತಿನ್ನಿ. ಒಬ್ಬರೇ ಬಂದು ತಟ್ಟೆ ಹಿಡಿದು ನಿಂತವರು ಅಲ್ಲಿ ಬೇಕಾದಷ್ಟು ಜನ. ಯಾರೂ ನಿಮ್ಮನ್ನು ವಿಚಿತ್ರವಾಗಿ ನೋಡುವುದಿಲ್ಲ.

ಖರ್ಚಿಲ್ಲದ ಸಂಜೆಗೆ ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ಗೆ ಉಪನ್ಯಾಸ ಕೇಳಲು ಹೋಗಿ. ಉಪನ್ಯಾಸ ಬೇಸರವಾದರೆ ಗಾಂಧಿ ಬಜಾರ್ ಹತ್ತಿರವೇ ಇದೆ, ಹೂವಿನಂಗಡಿಗಳ ಸಾಲಿನಲ್ಲಿ ಒಂದು ಸುತ್ತು ಹಾಕಿ. ರಾಮನವಮಿಯ ಸಮಯವಾದರೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದ ಸಂಗೀತ ಕಛೇರಿಗಳನ್ನು ತಪ್ಪಿಸಬೇಡಿ.

ನಿಮ್ಮ ಕಚೇರಿ ಎಲ್ಲಿದೆ ಎಂದು ಬರೆದಿಲ್ಲ. ದೂರದ ವೈಟ್‌ಫೀಲ್ಡ್ ಕಡೆಯಾದರೆ ವಾರದ ದಿನ ಇದು ಕೈಗೂಡುವುದು ಅನುಮಾನ. ಹಾಗಿದ್ದರೆ ಈ ಶನಿವಾರದ ನಾಟಕಕ್ಕೆ ಒಂದು ಟಿಕೆಟ್ ಕೊಂಡಿಟ್ಟುಕೊಳ್ಳಿ.