ಮೊದಲು ತಾರೀಖು, ಆಮೇಲೆ ಬಾಣಲೆ

ಪ್ರಶ್ನೆ: ಅಕ್ಕಾ, ನಮ್ಮ ಹಿತ್ತಿಲಲ್ಲಿ ಒಂಬತ್ತು ಹೇಂಟೆಗಳಿವೆ. ಎರಡು ತಿಂಗಳಿಂದ ದಿನಕ್ಕೆ ಏಳೆಂಟು ಮೊಟ್ಟೆ ಸಿಗುತ್ತಿವೆ. ಮನೆಯಲ್ಲಿರುವುದು ನಾವು ಮೂವರೇ. ನೆರೆಯವರಿಗೆ ಕೊಟ್ಟಾಯಿತು. ಆಮ್ಲೆಟ್ ಕಂಡರೆ ಮಗಳು ತಟ್ಟೆ ಸರಿಸಿ ಎದ್ದು ಹೋಗುತ್ತಾಳೆ. ಬುಟ್ಟಿಯಲ್ಲಿ ಈಗ ಎಪ್ಪತ್ತಕ್ಕೂ ಹೆಚ್ಚು ಮೊಟ್ಟೆಗಳಿವೆ. ಯಾವುದು ಹಳೆಯದು, ಯಾವುದು ಹೊಸದು ಎಂದೇ ತಿಳಿಯುತ್ತಿಲ್ಲ. ಎಸೆಯಲು ಮನಸ್ಸು ಬಾರದು. ಏನು ಮಾಡಲಿ?

ಉತ್ತರ: ತಂಗಿ, ಮನಸ್ಸು ಬಾರದಿರುವುದು ಸರಿಯೇ. ಒಂದು ಮೊಟ್ಟೆ ರೂಪುಗೊಳ್ಳಲು ಕೋಳಿಯ ಒಡಲಲ್ಲಿ ಸುಮಾರು 25 ಗಂಟೆ ಹಿಡಿಯುತ್ತದೆ; ಅದರಲ್ಲಿ 20 ಗಂಟೆಯಷ್ಟು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಅಷ್ಟು ದುಡಿದು ಕೊಟ್ಟದ್ದು ಬುಟ್ಟಿಯ ತಳದಲ್ಲಿ ಕೊಳೆಯಬಾರದು. ಆದರೆ ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹಚ್ಚಿದ್ದು ಹಳೆಯದು, ಹೊಸದು ತಿಳಿಯುತ್ತಿಲ್ಲ ಎಂಬ ಮಾತು. ಅದೊಂದು ತಿಳಿದಿದ್ದರೆ ಉಳಿದ ಅರ್ಧ ಪ್ರಶ್ನೆಗೆ ನೀವೇ ಉತ್ತರ ಕಂಡುಕೊಳ್ಳುತ್ತಿದ್ದಿರಿ.

ನಾನು ಕೋಳಿ ಸಾಕಲು ಶುರುಮಾಡಿದ ಎರಡನೆಯ ವರ್ಷದ ಮಾತು. ನೆಂಟರು ಬರುವವರಿದ್ದರು. ಕೇಕ್ ಮಾಡಲೆಂದು ದೊಡ್ಡ ಬಟ್ಟಲಿಗೆ ಒಂದೊಂದೇ ಮೊಟ್ಟೆ ಒಡೆದು ಸುರಿಯುತ್ತಿದ್ದೆ. ಹನ್ನೊಂದು ಚೆನ್ನಾಗಿದ್ದವು, ಹನ್ನೆರಡನೆಯದು ಕೊಳೆತು ಕಪ್ಪಾಗಿತ್ತು. ಮನೆಯ ಕಿಟಕಿಗಳನ್ನೆಲ್ಲ ತೆರೆದರೂ ಸಂಜೆಯವರೆಗೆ ವಾಸನೆ ಹೋಗಲಿಲ್ಲ. ಹನ್ನೆರಡನ್ನೂ ಗುಂಡಿ ತೋಡಿ ಹೂತೆ. ಅಂದಿನಿಂದ ಎರಡು ಅಭ್ಯಾಸ ಬಿಟ್ಟಿಲ್ಲ: ಗೂಡಿನಿಂದ ತಂದ ಕೂಡಲೇ ಚಿಪ್ಪಿನ ಮೇಲೆ ಪೆನ್ಸಿಲ್‌ನಿಂದ ತಾರೀಖು ಬರೆಯುವುದು, ಒಡೆಯುವಾಗ ಪ್ರತಿಯೊಂದನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು ನೋಡಿ ಆಮೇಲೆ ದೊಡ್ಡದಕ್ಕೆ ಸುರಿಯುವುದು.

ಈಗ ಆ ಎಪ್ಪತ್ತರ ವಿಚಾರ. ಬಿರುಕು ಬಿಟ್ಟವನ್ನು ಮೊದಲೇ ತೆಗೆದುಹಾಕಿ. ಉಳಿದವನ್ನು ಆಳವಾದ ಪಾತ್ರೆಯ ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದಾಗಿ ಬಿಡಿ. ತಳದಲ್ಲಿ ಅಡ್ಡ ಮಲಗಿದ್ದು ಹೊಸದು. ತಳ ಮುಟ್ಟಿಕೊಂಡೇ ನೆಟ್ಟಗೆ ನಿಂತದ್ದು ಹಳೆಯದು, ಆದರೆ ಬಳಸಬಹುದು. ತೇಲಿದ್ದನ್ನು ಬಳಸಬೇಡಿ. ಮೊಟ್ಟೆಯ ಅಗಲ ತುದಿಯಲ್ಲಿ ಗಾಳಿಯ ಗೂಡೊಂದಿದೆ. ದಿನ ಕಳೆದಂತೆ ಒಳಗಿನ ತೇವ ಚಿಪ್ಪಿನ ರಂಧ್ರಗಳಿಂದ ಆರಿ ಆ ಗೂಡು ದೊಡ್ಡದಾಗುತ್ತದೆ. ಈ ಪರೀಕ್ಷೆ ವಯಸ್ಸನ್ನು ಮಾತ್ರ ಹೇಳುತ್ತದೆ, ಒಳಗೆ ರೋಗಾಣು ಇದೆಯೇ ಇಲ್ಲವೇ ಎಂದು ಹೇಳುವುದಿಲ್ಲ. ಆದ್ದರಿಂದ ಮುಳುಗಿದ್ದನ್ನೂ ಪೂರ್ತಿ ಬೇಯಿಸಿಯೇ ತಿನ್ನಬೇಕು.

ಒಂದು ಎಚ್ಚರಿಕೆ. ಹೊಸದಾಗಿ ಇಟ್ಟ ಮೊಟ್ಟೆಯ ಮೇಲೆ ರಂಧ್ರಗಳನ್ನು ಮುಚ್ಚುವ ತೆಳುವಾದ ಪೊರೆ ಇರುತ್ತದೆ. ನೀರು ತಾಗಿದರೆ ಅದು ಹೋಗುತ್ತದೆ. ನೀರಿಗೆ ಬಿಟ್ಟ ಮೊಟ್ಟೆಯನ್ನು ಮತ್ತೆ ಬುಟ್ಟಿಗೆ ಹಾಕಬೇಡಿ. ಒರೆಸಿ ಫ್ರಿಜ್‌ಗೆ ಹಾಕಿ, ಇಲ್ಲವೇ ಅಂದೇ ಬಳಸಿ. ಇದೇ ಕಾರಣಕ್ಕೆ ನಾನು ದಿನದ ಮೊಟ್ಟೆಗಳನ್ನು ತೊಳೆಯುವುದಿಲ್ಲ. ಗೂಡಿನ ಹುಲ್ಲನ್ನು ಆಗಾಗ ಬದಲಾಯಿಸುತ್ತೇನೆ, ಅಂಟಿದ ಕೊಳೆಯನ್ನು ಒಣಬಟ್ಟೆಯಿಂದ ಉಜ್ಜಿ ತೆಗೆಯುತ್ತೇನೆ.

ಇನ್ನು ಯಾವುದನ್ನು ಯಾವುದಕ್ಕೆ? ಇಂದು ನಿನ್ನೆಯ ಮೊಟ್ಟೆ ಬಾಣಲೆಗೆ ಒಡೆದು ಹಾಕಲು ಚೆನ್ನ, ಬಿಳಿ ಭಾಗ ಹರಡದೆ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನೇ ಚಿಪ್ಪಿನೊಡನೆ ಬೇಯಿಸಿ ಸುಲಿಯಲು ಹೋದರೆ ಅರ್ಧ ಬಿಳಿ ಚಿಪ್ಪಿಗೇ ಅಂಟಿಕೊಳ್ಳುತ್ತದೆ. ಹೊಸ ಮೊಟ್ಟೆಯೊಳಗೆ ಇಂಗಾಲದ ಡೈ ಆಕ್ಸೈಡ್ ಹೆಚ್ಚಿರುತ್ತದೆ. ಅದು ನಿಧಾನವಾಗಿ ಹೊರಹೋದಂತೆ ಬಿಳಿ ಭಾಗ ಕ್ಷಾರೀಯವಾಗಿ ಚಿಪ್ಪಿನ ಒಳಪೊರೆಯಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಬೇಯಿಸಲು ಏಳರಿಂದ ಹತ್ತು ದಿನದ ಮೊಟ್ಟೆ ತೆಗೆದುಕೊಳ್ಳಿ. ಹೊಸತೇ ಬೇಯಿಸಬೇಕಾದರೆ ತಣ್ಣೀರಿನಿಂದ ಆರಂಭಿಸದೆ ಕುದಿಯುವ ನೀರಿಗೇ ಇಳಿಸಿ, ಬೆಂದ ಮೇಲೆ ಐಸ್ ನೀರಿಗೆ ಹಾಕಿ. ಬೆಂದದ್ದು ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಹಸಿ ಮೊಟ್ಟೆಯಷ್ಟು ಬಾಳುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮೂರು ವಾರದವು ಕೇಕ್‌ಗೆ, ಕಸ್ಟರ್ಡ್‌ಗೆ.

ಇಷ್ಟಾದರೂ ಮಿಕ್ಕವು ಫ್ರೀಜರ್‌ಗೆ. ಇದನ್ನು ನೀವು ಈ ವಾರವೇ ಮಾಡಬೇಕು. ಏಕೆಂದರೆ ಈ ಸಮೃದ್ಧಿ ಸದಾ ಉಳಿಯುವಂಥದ್ದಲ್ಲ. ಕೋಳಿ ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಹಗಲು ಕುಗ್ಗಿದಾಗ, ಪುಕ್ಕ ಉದುರುವಾಗ, ಕಾವಿಗೆ ಕೂತಾಗ ಬುಟ್ಟಿ ಬರಿದಾಗುತ್ತದೆ. ಆಗ ಇಂದಿನ ಎಪ್ಪತ್ತನ್ನು ನೆನೆಯುತ್ತೀರಿ.

ಚಿಪ್ಪಿನೊಡನೆ ಎಂದೂ ಫ್ರೀಜರ್‌ನಲ್ಲಿ ಇಡಬೇಡಿ, ಒಳಗಿನದು ಹಿಗ್ಗಿ ಚಿಪ್ಪು ಒಡೆಯುತ್ತದೆ. ಇಡೀ ಮೊಟ್ಟೆಯನ್ನು ಒಡೆದು, ನೊರೆ ಏಳದಂತೆ ಹಳದಿ ಬಿಳಿ ಬೆರೆಯುವಷ್ಟೇ ಕಲಸಿ ಡಬ್ಬಿಗೆ ಹಾಕಿ. ಮೂರು ದೊಡ್ಡ ಚಮಚ ಎಂದರೆ ಒಂದು ಮೊಟ್ಟೆ ಎಂಬ ಅಳತೆಯಲ್ಲಿ ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದರೆ ಬೇಕಾದಷ್ಟೇ ತೆಗೆಯಬಹುದು. ಬರೀ ಬಿಳಿ ಭಾಗಕ್ಕೆ ಏನೂ ಬೇಡ. ಹಳದಿ ಮಾತ್ರ ಹಟಮಾರಿ. ಮೊದಲ ಸಲ ನಾನು ಹಾಗೆಯೇ ಇಟ್ಟ ಎಂಟು ಹಳದಿಗಳು ಕರಗಿದ ಮೇಲೂ ಅಂಟಿನ ಮುದ್ದೆಯಂತೆ ಉಳಿದವು, ಎಷ್ಟು ಕಡೆದರೂ ಬೆರೆಯಲಿಲ್ಲ. ನಾಲ್ಕು ಹಳದಿಗೆ ಒಂದು ಚಿಟಿಕೆ ಉಪ್ಪು ಅಥವಾ ಒಂದೂವರೆ ಸಣ್ಣ ಚಮಚ ಸಕ್ಕರೆ ಬೆರೆಸಿದರೆ ಹಾಗಾಗುವುದಿಲ್ಲ. ಡಬ್ಬಿಯ ಮೇಲೆ ತಾರೀಖು, ಎಷ್ಟು ಮೊಟ್ಟೆ, ಉಪ್ಪೋ ಸಕ್ಕರೆಯೋ, ಮೂರನ್ನೂ ಬರೆಯಿರಿ. ಒಂದು ವರ್ಷದೊಳಗೆ ಮುಗಿಸಿ. ಹಿಂದಿನ ರಾತ್ರಿ ಫ್ರಿಜ್‌ನಲ್ಲಿಟ್ಟು ಕರಗಿಸಿ. ಅಡುಗೆಮನೆಯ ಕಟ್ಟೆಯ ಮೇಲೆ ಕರಗಿಸಬೇಡಿ.

ಪ್ರಶ್ನೆ: ಬೇಯಿಸಿದ ಮೊಟ್ಟೆಗಳನ್ನು ವಿನೆಗರ್‌ನಲ್ಲಿ ಹಾಕಿ ಬಾಟಲಿಯಲ್ಲಿ ತಿಂಗಳುಗಟ್ಟಲೆ ಹೊರಗಿಡಬಹುದು ಎನ್ನುತ್ತಾರೆ. ಒಳಗೆ ಹುಳಿ ಇಳಿಯಲೆಂದು ಕಡ್ಡಿಯಿಂದ ಚುಚ್ಚಬೇಕಂತೆ. ನಿಜವೇ?

ಉತ್ತರ: ದಯವಿಟ್ಟು ಚುಚ್ಚಬೇಡಿ, ಹೊರಗೂ ಇಡಬೇಡಿ. ಕಡ್ಡಿಯ ಜೊತೆ ಬ್ಯಾಕ್ಟೀರಿಯಾದ ಬೀಜಕಣಗಳು ಹಳದಿಯೊಳಗೆ ಹೋಗುತ್ತವೆ. ಅಲ್ಲಿಗೆ ಹುಳಿ ಬೇಗ ತಲುಪುವುದಿಲ್ಲ, ಗಾಳಿಯೂ ಇರುವುದಿಲ್ಲ; ನರಗಳನ್ನು ಸೋಲಿಸಿ ಪ್ರಾಣಕ್ಕೇ ಎರವಾಗಬಲ್ಲ ಬೊಟುಲಿಸಂ ವಿಷ ಹುಟ್ಟಲು ಅಷ್ಟು ಸಾಕು. 1997ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹೀಗೆ ಚುಚ್ಚಿ, ಮನೆಯೊಳಗಿನ ಉಷ್ಣತೆಯಲ್ಲೇ ಇಟ್ಟಿದ್ದ ಮೊಟ್ಟೆ ತಿಂದು ಒಬ್ಬರಿಗೆ ಬೊಟುಲಿಸಂ ತಗುಲಿದ್ದು ವೈದ್ಯಕೀಯ ದಾಖಲೆಯಲ್ಲಿದೆ. ವಿನೆಗರ್ ಮೊಟ್ಟೆ ನನಗೂ ಬಹಳ ಇಷ್ಟ. ಆದರೆ ಇಡೀ ಮೊಟ್ಟೆ, ಕುದಿನೀರಿನಲ್ಲಿ ಶುದ್ಧಮಾಡಿದ ಬಾಟಲಿ, ಮೊದಲ ದಿನದಿಂದ ಕೊನೆಯವರೆಗೆ ಫ್ರಿಜ್: ಈ ಮೂರರಲ್ಲಿ ಒಂದನ್ನೂ ನಾನು ಬಿಡುವುದಿಲ್ಲ.

ಪ್ರಶ್ನೆ: ಮಿಕ್ಕ ಮೊಟ್ಟೆಯನ್ನು ಕೋಳಿಗಳಿಗೇ ಹಾಕಬಹುದೇ? ತಮ್ಮ ಮೊಟ್ಟೆಯನ್ನೇ ಕುಕ್ಕಿ ತಿನ್ನುವ ಚಟ ಹತ್ತಿದರೆ ಎಂಬ ಭಯವಿದೆ.

ಉತ್ತರ: ಹಾಕಬಹುದು, ಬೇಯಿಸಿ ಪುಡಿಮಾಡಿ ಹಾಕಿ. ಹಸಿಯಾಗಿ ಎಂದೂ ಬೇಡ, ನಿಮ್ಮ ಭಯ ನಿಜವಾಗುವುದು ಅಲ್ಲಿಯೇ. ಚಿಪ್ಪನ್ನೂ ಎಸೆಯಬೇಡಿ; ಅದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಮುಂದಿನ ಚಿಪ್ಪಿಗೆ ಕೋಳಿಗೆ ಬೇಕಾದದ್ದೂ ಅದೇ. ಒಲೆಯ ಕಾವಿನಲ್ಲಿ ಚೆನ್ನಾಗಿ ಒಣಗಿಸಿ, ಚಿಪ್ಪೆಂದು ಗುರುತು ಸಿಗದಷ್ಟು ಸಣ್ಣಗೆ ಕುಟ್ಟಿ ಬೇರೆ ಬಟ್ಟಲಲ್ಲಿಡಿ, ಬೇಕಾದವು ಬಂದು ತಿನ್ನುತ್ತವೆ. ಪುಕ್ಕ ಉದುರುವ ವಾರಗಳಲ್ಲಿ ನಾನು ಬೇಯಿಸಿದ ಮೊಟ್ಟೆಯನ್ನು ತಪ್ಪದೆ ಕೊಡುತ್ತೇನೆ. ಪುಕ್ಕ ಬಹುತೇಕ ಪ್ರೋಟೀನೇ ಆದ್ದರಿಂದ ಆಗ ಅವಕ್ಕೆ ಅದರ ಹಸಿವು ಹೆಚ್ಚು. ಮೊಟ್ಟೆಯಿಡುವುದನ್ನು ನಿಲ್ಲಿಸಿ, ಬೋಳು ಕುತ್ತಿಗೆಯಲ್ಲಿ ಮೂಲೆ ಸೇರಿ ಕೂತ ಹೇಂಟೆ ಬಟ್ಟಲಿನ ಸದ್ದು ಕೇಳಿ ಓಡಿಬರುತ್ತದೆ.