‘ಸಾಗುವಳಿ ಚೀಟಿ’ ಕಥೆ ಕಳಿಸಿದವರಿಗೆ

ಪ್ರಿಯರೇ,

ನಿಮ್ಮ ಕಥೆ ತಲುಪಿತು. ಭಾಷೆ ಹದವಾಗಿದೆ, ಅಜ್ಜಿಯ ಮಾತುಗಳು ಸಹಜವಾಗಿವೆ. ಆದರೆ ಮೂರನೆಯ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಅದನ್ನಷ್ಟೇ ಬರೆಯುತ್ತೇನೆ.

‘ಸರ್ಕಾರದ ಮೊಹರಿದ್ದ ಹಳದಿ ಕಾಗದದ ಮೇಲೆ ಮರಿಯಪ್ಪನ ಕಣ್ಣೀರು ಉದುರಿತು’ ಎಂದಿದ್ದೀರಿ. ಉದುರಲಿ. ಆ ಕಾಗದವೇ ಸಾಗುವಳಿ ಚೀಟಿ, ಸರ್ಕಾರ ಜಮೀನು ಮಂಜೂರು ಮಾಡಿದ್ದಕ್ಕೆ ಕೊಡುವ ಪತ್ರ. ಅದರಲ್ಲಿ ಏನಿದೆ? ಸರ್ವೆ ನಂಬರಿಲ್ಲ, ಎಕರೆ ಗುಂಟೆಯಿಲ್ಲ, ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯಂತೂ ಇಲ್ಲವೇ ಇಲ್ಲ. ನಾನು ಬರೆಯಲು ಕಲಿತದ್ದು ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುತ್ತಿದ್ದ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು. ಪೂರ್ವಕ್ಕೆ ಸರ್ಕಾರಿ ಹಳ್ಳ, ಪಶ್ಚಿಮಕ್ಕೆ ಇಂಥವರ ಜಮೀನು, ದಕ್ಷಿಣಕ್ಕೆ ಬಂಡಿದಾರಿ... ಒಂದು ದಿಕ್ಕು ಬಿಟ್ಟುಹೋದರೂ ಅವರು ಹಾಳೆ ಹರಿದುಹಾಕುತ್ತಿದ್ದರು. ಹಳ್ಳದ ನೀರು ಯಾರ ಪಾಲು, ದಾರಿಯ ತಕರಾರು ಯಾರದು, ಎಲ್ಲವೂ ಆ ನಾಲ್ಕು ಸಾಲುಗಳಲ್ಲಿರುತ್ತಿತ್ತು. ಆಮೇಲೆ ಹೋದ ಯಾವ ಕಥಾ ಕಮ್ಮಟವೂ ನನಗೆ ಅಷ್ಟು ಕಲಿಸಲಿಲ್ಲ.

ಮುಂದಿನ ಸಾಲು: ‘ಮರುವರ್ಷವೇ ಗೌಡರು ಜಮೀನು ಕೊಂಡರು. ಎಲ್ಲ ಮುಗಿಯಿತು.’ ಮುಗಿಯುವುದು ಹೇಗೆ? ನಿಮ್ಮ ಮರಿಯಪ್ಪ ಪರಿಶಿಷ್ಟ ಜಾತಿಯವನು. ಮಂಜೂರಾತಿ 1982ರದು ಎಂದು ನೀವೇ ಬರೆದಿದ್ದೀರಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡಿದರೆ, ಅಂದರೆ ಬೇರೆಯವರ ಕೈಗೆ ದಾಟಿಸಿದರೆ, ಅದು ಅಸಿಂಧು ಎಂಬ ಕಾಯ್ದೆ ಕರ್ನಾಟಕದಲ್ಲಿ 1978ರಲ್ಲೇ ಬಂದಿತ್ತು. ಸಾಲದ್ದಕ್ಕೆ, ಇಂತಿಷ್ಟು ವರ್ಷ ಮಾರಬಾರದೆಂಬ ಶರತ್ತು ಮಂಜೂರಾತಿಯ ಜೊತೆಗೇ ಬರುತ್ತದೆ. ಗೌಡರು ಅದನ್ನು ಓದಿರುತ್ತಾರೆ. ಓದದೆ ಉಳಿದವರು ಮರಿಯಪ್ಪ ಮತ್ತು ನೀವು. ಹಾಗಾದರೆ ಗೌಡರು ಪಡೆದದ್ದು ಕ್ರಯವೋ, ಸಾಲಕ್ಕೆ ಒತ್ತೆಯಿಟ್ಟ ಭೋಗ್ಯವೋ, ಬರೀ ಬಾಯಿಮಾತೋ? ಜಮೀನಿನ ಸರ್ಕಾರಿ ದಾಖಲೆಯಾದ ಪಹಣಿಯಲ್ಲಿ ಯಾರ ಹೆಸರು ಕೂತಿತು, ಕೂರಿಸಿದವರು ಯಾರು? ಕಥೆ ಇರುವುದೇ ಅಲ್ಲಿ. ನೀವು ಅದನ್ನು ಎರಡು ವಾಕ್ಯಗಳಲ್ಲಿ ದಾಟಿಬಿಟ್ಟಿದ್ದೀರಿ.

ಕೊನೆಗೆ ಮೊಮ್ಮಗ ಬದುವಿನ ಮೇಲೆ ನಿಂತು ನಿಟ್ಟುಸಿರು ಬಿಡುತ್ತಾನೆ. ಕಾನೂನು ಓದುತ್ತಿರುವ ಹುಡುಗ! ಜಮೀನು ಮರಳಿ ಕೊಡಿಸಿ ಎಂದು ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದೆಂದು ಅವನಿಗೆ ಹೊಳೆಯುವುದಿಲ್ಲವೆ? ವಾರಸುದಾರರೂ ಹಾಕಬಹುದು. ಇಂಥ ಅರ್ಜಿ ಸಕಾಲದಲ್ಲಿ ಬರಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಲಮಿತಿಯೇ ಇಲ್ಲವೆಂದು 2023ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ನಡುವಿನ ಆ ವರ್ಷಗಳಲ್ಲಿ ಅವನನ್ನು ಕಚೇರಿಯಿಂದ ಕಚೇರಿಗೆ ಅಲೆಸಿ ನೋಡಿ. ನಿಟ್ಟುಸಿರಿಗೆ ಪುರುಸೊತ್ತೇ ಇರುವುದಿಲ್ಲ.

ನಿಮ್ಮೂರಿನ ಯಾವುದಾದರೂ ಮಂಜೂರು ಜಮೀನಿನ ಪಹಣಿ ತೆಗೆಸಿ, ಹಕ್ಕು ಮತ್ತು ಋಣಗಳ ಕಲಂ ಓದಿ. ಆಮೇಲೆ ಮೂರನೆಯ ಪುಟದಿಂದ ಮತ್ತೆ ಬರೆದು ಕಳಿಸಿ. ಶೀರ್ಷಿಕೆ ಬದಲಿಸಬೇಡಿ.

– ಸಂಪಾದಕ