ನಾಯಿಗೆ ಬೆಳ್ಳುಳ್ಳಿ, ಅಶ್ವಗಂಧ, ಪಪ್ಪಾಯ ಎಲೆ: ಯಾವುದು ಕೊಡಲಿ?

ರಕ್ತ ಹೀರುವ ಉಣ್ಣೆಗೆ (ಟಿಕ್) ಬೆಳ್ಳುಳ್ಳಿ, ಶಕ್ತಿಗೆ ಅಶ್ವಗಂಧ, ರಕ್ತಕ್ಕೆ ಪಪ್ಪಾಯ ಎಲೆ ರಸ. ಮೂರರಲ್ಲಿ ಯಾವುದು ಕೊಡಲಿ ಅಂತ ಕೇಳಿದ್ದೀರಿ. ನ್ಯಾಚುರಲ್ ಅಂದಮೇಲೆ ಸೈಡ್ ಎಫೆಕ್ಟ್ ಇರಲ್ಲ ಅಲ್ವಾ ಅಂತ ಬೇರೆ. ನಾನೂ ಹಾಗೇ ನಂಬಿದ್ದೆ.

ನಮ್ಮ ಚಿನ್ನು ಪಮೇರಿಯನ್. ನಾಲ್ಕು ಕೆಜಿಯೂ ತೂಗುತ್ತಿರಲಿಲ್ಲ. ಕಿವಿ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣೆ ಕಂಡಿತು. ಯಾರೋ ಹೇಳಿದರು ಅಂತ ದಿನಾ ಬೆಳ್ಳುಳ್ಳಿ ಜಜ್ಜಿ ಅನ್ನಕ್ಕೆ ಕಲಸಿ ಹಾಕತೊಡಗಿದೆ. ರಾತ್ರಿ ನಮ್ಮದೇ ಈರುಳ್ಳಿ ಹುಳಿ ಅನ್ನ. ಅದು ಸುಸ್ತಾಗಿ ಮಲಗತೊಡಗಿದಾಗ ಶಕ್ತಿ ಬರಲಿ ಅಂತ ಬೆಳ್ಳುಳ್ಳಿ ಎಸಳು ಜಾಸ್ತಿ ಮಾಡಿದೆ!

ತುಟಿ ಎತ್ತಿ ನೋಡಿದರೆ ವಸಡು ಬಿಳಿಚಿಕೊಂಡಿತ್ತು. ಮೂತ್ರ ಕಷಾಯದ ಬಣ್ಣ. ಡಾಕ್ಟ್ರು ‘ಏನಾದ್ರೂ ಔಷಧಿ ಕೊಡ್ತಿದ್ದೀರಾ?’ ಅಂದರು. ‘ಏನೂ ಇಲ್ಲ ಸಾರ್’ ಅಂದೆ. ನಾನು ಕೆಟ್ಟಿದ್ದು ಇಲ್ಲೇ. ಸುಳ್ಳು ಹೇಳಬೇಕು ಅಂತಲ್ಲ. ಅಡುಗೆಮನೆ ಡಬ್ಬಿಯಲ್ಲಿರುವುದು ಔಷಧಿ ಲೆಕ್ಕಕ್ಕೆ ಬರುತ್ತದೆ ಅಂತ ಹೊಳೆಯಲೇ ಇಲ್ಲ. ಮೈಮೇಲೆ ಉಣ್ಣೆ ಇದ್ದದ್ದರಿಂದ ಅವರು ಉಣ್ಣೆಯಿಂದ ಹರಡುವ ಬೇಬೀಸಿಯಾ ಅಂದುಕೊಂಡರು. ಬೆಳ್ಳುಳ್ಳಿ ವಿಷದಂತೆ ಅದೂ ಕೆಂಪು ರಕ್ತಕಣ ಒಡೆಯುವ ರೋಗವೇ, ಲಕ್ಷಣ ಹೀಗೇ ಇರುತ್ತದೆ. ಅದಕ್ಕೇ ಇಂಜೆಕ್ಷನ್ ಕೊಟ್ಟರು. ನಾನು ಮನೆಗೆ ಬಂದು ಬೆಳ್ಳುಳ್ಳಿ ಮುಂದುವರಿಸಿದೆ. ಒಂದು ಕಡೆ ಚಿಕಿತ್ಸೆ, ಇನ್ನೊಂದು ಕಡೆ ಅದೇ ವಿಷ. ‘ದಿನಾ ಬೆಳ್ಳುಳ್ಳಿ ಹಾಕ್ತೀನಿ’ ಅಂತ ಒಂದು ಮಾತು ಹೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಕೊನೆಗೆ ರಕ್ತದ ಸ್ಲೈಡ್‌ನಲ್ಲಿ ರೋಗಾಣು ಸಿಗಲಿಲ್ಲ, ರಕ್ತಕಣಗಳ ಅಂಚಿನಲ್ಲಿ ಸಣ್ಣ ಗುಬುಟು ಸಿಕ್ಕವು. ಇದಕ್ಕೆ ಹೈನ್ಜ್ ಬಾಡಿ ಅನ್ನುತ್ತಾರಂತೆ, ಇಂಥ ವಿಷದಿಂದ ರಕ್ತಕಣ ಕೆಟ್ಟಿದ್ದರ ಗುರುತು. ಆಗ ಡಾಕ್ಟ್ರೇ ಈರುಳ್ಳಿ, ಬೆಳ್ಳುಳ್ಳಿ ವಿಷಯ ತೆಗೆದರು. ಬೇರೆ ನಾಯಿಯ ರಕ್ತ ಕೊಡಿಸಿ ಉಳಿಸಿಕೊಂಡೆವು.

ಕೆಜಿ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಸಾಕು, ನಾಯಿಯ ರಕ್ತ ಕೆಡಲು. ಬೆಳ್ಳುಳ್ಳಿ ಅದಕ್ಕಿಂತ ಜೋರು. ಬೇಯಿಸಿದರೂ ಪುಡಿ ಮಾಡಿದರೂ ವಿಷ ಹೋಗಲ್ಲ. ದಿನಾ ಸ್ವಲ್ಪಸ್ವಲ್ಪ ಕೊಟ್ಟರೂ ಹಾನಿ ಸೇರುತ್ತಾ ಹೋಗುತ್ತದೆ.

ಹಾಗಾಗಿ ಮೂರರಲ್ಲಿ ಯಾವುದು ಅಂದರೆ, ಯಾವುದೂ ಬೇಡ. ತಿಂದು ಆಡಿಕೊಂಡಿರುವ ನಾಯಿಗೆ ಅಶ್ವಗಂಧ ಯಾಕೆ? ಉಣ್ಣೆ ಕಚ್ಚಿ ಟಿಕ್ ಫೀವರ್ ಬಂದರೆ ಪಪ್ಪಾಯ ಎಲೆ ರಸ ರೋಗಾಣು ಕೊಲ್ಲಲ್ಲ. ಅದರಲ್ಲೇ ಒಂದು ಬಗೆಯಾದ ಎರ್ಲಿಕಿಯಾ ಆದರೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಬರೆಯುತ್ತಾರೆ, ಪೂರ್ತಿ ಮುಗಿಸಬೇಕು. ಉಣ್ಣೆಗೆ ಡಾಕ್ಟ್ರು ಬರೆಯುವ ಮಾತ್ರೆಗಳಿವೆ. ಫ್ಲುರಲೇನರ್ ಒಂದು ಮಾತ್ರೆ ಸುಮಾರು ಮೂರು ತಿಂಗಳು ಬರುತ್ತದೆ. ಜೊತೆಗೆ ನಾಯಿ ಮಲಗುವ ಜಾಗದ ಗೋಡೆ ಬಿರುಕು ಕ್ಲೀನ್ ಮಾಡಿ, ಉಣ್ಣೆ ಮೊಟ್ಟೆ ಇಡುವುದು ಅಲ್ಲೇ.

ನಾನು ಎಲ್ಲಾ ಗಿಡಮೂಲಿಕೆಗೂ ವಿರೋಧಿ ಅಲ್ಲ. ಲಿವರ್ ತೊಂದರೆಗೆ ಸಿಲಿಮರಿನ್ ಅನ್ನು ಡಾಕ್ಟ್ರೇ ಬರೆಯುತ್ತಾರೆ, ಅದು ಗಿಡದಿಂದಲೇ ಬರುವುದು. ಭೇದಿಗೆ ಬೇಯಿಸಿದ ಸಿಹಿ ಕುಂಬಳಕಾಯಿ ನಮ್ಮ ಮನೆಯಲ್ಲಿ ಈಗಲೂ ನಡೆಯುತ್ತದೆ. ಒಣದ್ರಾಕ್ಷಿ ಮಾತ್ರ ಒಂದೂ ಬೇಡ, ಕಿಡ್ನಿ ಹೋಗಬಹುದು.

ನೀವು ಈಗಾಗಲೇ ಬೆಳ್ಳುಳ್ಳಿ ಶುರು ಮಾಡಿದ್ದರೆ ಇವತ್ತೇ ನಿಲ್ಲಿಸಿ. ತಿಂದ ದಿನವೇ ಏನೂ ಕಾಣದೇ ಇರಬಹುದು, ಕೆಲವು ದಿನ ಬಿಟ್ಟು ರಕ್ತ ಇಳಿಯುತ್ತದೆ. ಒಂದು ವಾರ ವಸಡು, ಮೂತ್ರದ ಬಣ್ಣ ನೋಡ್ತಾ ಇರಿ. ಬಿಳಿಚಿದರೆ ಕಾಯಬೇಡಿ, ಕೊಟ್ಟಿದ್ದನ್ನೆಲ್ಲಾ ಚೀಟಿಯಲ್ಲಿ ಬರೆದುಕೊಂಡು ಡಾಕ್ಟ್ರ ಹತ್ತಿರ ಹೋಗಿ.